ಬೆಲಾರೂಸಿನ ಫುಟ್‌ಬಾಲಿಗೆ ಬಾಜಿ

2020ರ ಮಾರ್ಚ್ ಮುಗಿಯುವಷ್ಟರಲ್ಲಿ ಜಗತ್ತಿನ ಕ್ರೀಡಾಂಗಣಗಳಿಗೆಲ್ಲ ಬೀಗ ಬಿದ್ದಿತ್ತು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ನಿಂತಿತ್ತು, ಐಪಿಎಲ್ ಮುಂದಕ್ಕೆ ಹೋಗಿತ್ತು, ಟೋಕಿಯೊ ಒಲಿಂಪಿಕ್ಸ್ ಈ ವರ್ಷ ಇಲ್ಲ ಎಂದು ಘೋಷಣೆಯಾಗಿತ್ತು. ಯುರೋಪಿನಲ್ಲಿ ಬೆಲಾರೂಸ್ ಮಾತ್ರ ಏನೂ ಆಗಿಲ್ಲವೆಂಬಂತೆ ಫುಟ್‌ಬಾಲ್ ಆಡುತ್ತಲೇ ಇತ್ತು. ಕೊರೊನಾಕ್ಕೆ ವೋಡ್ಕಾ ಮತ್ತು ಸೌನಾ ಸ್ನಾನದ ಮದ್ದು ಹೇಳಿದ ಅಧ್ಯಕ್ಷ ಲುಕಶೆಂಕೊ ಅವರ ದೇಶ ಅದು. ಆವರೆಗೆ ತನ್ನ ಗಡಿಯಾಚೆ ಹೆಚ್ಚು ಜನ ಕೇಳಿಯೂ ಇರದಿದ್ದ ಆ ಲೀಗಿನ ಪ್ರಸಾರದ ಹಕ್ಕು ಭಾರತವೂ ಸೇರಿ ಹಲವು ದೇಶಗಳಿಗೆ ಮಾರಾಟವಾಯಿತು. ಕೊಂಡವರಿಗೆ ಆಟದ ಮೇಲೆ ಹಠಾತ್ ಪ್ರೀತಿ ಹುಟ್ಟಿತ್ತು ಎನ್ನುವಂತಿಲ್ಲ. ಬಾಜಿ ಕಟ್ಟುವವರಿಗೆ ಕಟ್ಟಲು ಏನಾದರೂ ಬೇಕಿತ್ತು. ಮಿಂಸ್ಕ್ ಭೂಪಟದಲ್ಲಿ ಎಲ್ಲಿದೆ ಎಂದು ತೋರಿಸಲಾಗದವರೂ ಬಾಟೆ ಬೋರಿಸೋವ್ ತಂಡದ ಗೋಲ್‌ಕೀಪರ್ ಫಾರ್ಮಿನಲ್ಲಿದ್ದಾನೋ ಇಲ್ಲವೋ ಎಂದು ತಲೆ ಕೆಡಿಸಿಕೊಂಡರು.

ಫುಟ್‌ಬಾಲ್ ಸಾಲದವರಿಗೆ ಟೇಬಲ್ ಟೆನಿಸ್ ಇತ್ತು. ಮಾಸ್ಕೋದ ಮತ್ತು ಉಕ್ರೇನಿನ ಪುಟ್ಟ ಕೊಠಡಿಗಳಲ್ಲಿ ಒಂದು ಮೇಜು, ಇಬ್ಬರು ಆಟಗಾರರು, ಒಂದು ಕ್ಯಾಮೆರಾ. ಪ್ರೇಕ್ಷಕರೇ ಇಲ್ಲ. ಒಂದು ಪಂದ್ಯ ಮುಗಿದ ಕೂಡಲೇ ಮತ್ತೊಂದು, ಹಗಲೂ ರಾತ್ರಿ. ಬ್ರಿಟನ್ನಿನಲ್ಲಿ ಗ್ರ್ಯಾಂಡ್ ನ್ಯಾಷನಲ್ ಕುದುರೆ ಪಂದ್ಯ ರದ್ದಾದಾಗ ಏಪ್ರಿಲ್ 4ರಂದು ಕಂಪ್ಯೂಟರ್ ಚಿತ್ರದ ಕುದುರೆಗಳನ್ನೇ ಟಿವಿಯಲ್ಲಿ ಓಡಿಸಿದರು. ಪಾಟರ್ಸ್ ಕಾರ್ನರ್ ಎಂಬ ಕುದುರೆ ಗೆದ್ದಿತು, ಅಂದರೆ ಸಾಫ್ಟ್‌ವೇರ್ ಅದನ್ನು ಗೆಲ್ಲಿಸಿತು. ಜನ ಅದಕ್ಕೂ ಬಾಜಿ ಕಟ್ಟಿದರು. ಆ ಬಾಜಿಯ ಲಾಭ 26 ಲಕ್ಷ ಪೌಂಡ್ ಆರೋಗ್ಯ ಸೇವೆಯ ದತ್ತಿಗಳಿಗೆ ಹೋಯಿತು ಎಂಬುದು ಆ ದಿನಗಳ ಸಮಾಧಾನ.

ನಮ್ಮಲ್ಲಿ ನಡೆದದ್ದು ಇನ್ನೂ ಸ್ವಾರಸ್ಯದ ಕಥೆ. 2020ರ ಜೂನ್ ಕೊನೆಯಲ್ಲಿ ಶ್ರೀಲಂಕಾದ ಬದುಳ್ಳ ಎಂಬ ಊರಿನಿಂದ ‘ಊವಾ ಟಿ20 ಲೀಗ್’ ಹೆಸರಿನ ಕ್ರಿಕೆಟ್ ಪಂದ್ಯ ಇಂಟರ್ನೆಟ್ಟಿನಲ್ಲಿ ನೇರ ಪ್ರಸಾರವಾಯಿತು. ಸ್ಕೋರ್ ಕಾರ್ಡ್ ಬಂತು, ಬಾಜಿಯೂ ಬಿತ್ತು. ಆಮೇಲೆ ನೋಡಿದರೆ ಆ ಮೈದಾನ ಇದ್ದದ್ದು ಪಂಜಾಬಿನಲ್ಲಿ, ಚಂಡೀಗಢದ ಮಗ್ಗುಲಿನ ಸವಾರಾ ಎಂಬ ಹಳ್ಳಿಯಲ್ಲಿ. ಶ್ರೀಲಂಕಾದ ಕ್ರಿಕೆಟ್ ಮಂಡಳಿಗೆ ಅಂಥದ್ದೊಂದು ಲೀಗ್ ಇರುವುದೇ ಗೊತ್ತಿರಲಿಲ್ಲ. ಎರಡು ವರ್ಷದ ಬಳಿಕ ಗುಜರಾತಿನ ಮೊಲಿಪುರದಲ್ಲಿ ಕೂಲಿಯಾಳುಗಳಿಗೆ ಬಣ್ಣದ ಟೀ ಶರ್ಟ್ ತೊಡಿಸಿ ಐಪಿಎಲ್ ಎಂದು ತೋರಿಸಿ ರಷ್ಯಾದ ಜೂಜುಗಾರರಿಗೆ ಟೋಪಿ ಹಾಕಿದ ತಂಡವೂ ಸಿಕ್ಕಿಬಿತ್ತು. ಪಂದ್ಯ ಅಸಲಿಯೋ ನಕಲಿಯೋ, ಪರದೆಯ ಮೇಲೆ ಅಂಕಿ ಬದಲಾಗುತ್ತಿದ್ದರೆ ಸಾಕು ಎನ್ನುವ ಗಿರಾಕಿಗಳು ಜಗತ್ತಿನಲ್ಲಿ ಎಷ್ಟಿದ್ದಾರೆ ಎಂಬ ಅಂದಾಜು ಈ ಖದೀಮರಿಗೆ ಸಂಶೋಧಕರಿಗಿಂತ ಮೊದಲೇ ಇತ್ತು.

ಇಂಥ ಕಥೆಗಳನ್ನು ಕೇಳಿದರೆ ಮನೆಯಲ್ಲಿ ಕೂಡಿಹಾಕಿದ ಜನರೆಲ್ಲ ಮೊಬೈಲ್ ಹಿಡಿದು ಜೂಜಿಗೆ ಇಳಿದರು ಅನ್ನಿಸುತ್ತದೆ. ಆಗ ಪತ್ರಿಕೆಗಳಲ್ಲಿ ಬಂದದ್ದೂ ಇದೇ. ಮನೋವೈದ್ಯರು ಕೂಡ ಇದನ್ನೇ ನಿರೀಕ್ಷಿಸಿದ್ದರು. ಕೈಯಲ್ಲಿ ಬೇಕಾದಷ್ಟು ಹೊತ್ತು, ಮನಸ್ಸಿನಲ್ಲಿ ಆತಂಕ, ಹೊರಗೆ ಹೋಗುವಂತಿಲ್ಲ, ಸಂಬಳಕ್ಕೆ ಕತ್ತರಿ. ಚಟ ಬೆಳೆಯಲು ಇನ್ನೇನು ಬೇಕು?

ಆದರೆ ಲೆಕ್ಕ ಹಾಕಿದವರಿಗೆ ಸಿಕ್ಕಿದ್ದು ಬೇರೆ. ಸ್ವೀಡನ್ನಿನ ಸಂಶೋಧಕರು ಜೂಜು ಕಂಪನಿಗಳು ಸರ್ಕಾರಕ್ಕೆ ಕಟ್ಟಿದ ತೆರಿಗೆಯ ಕಡತ ತೆರೆದು ನೋಡಿದರು. ಜನರ ಬಾಯಿಮಾತಿಗಿಂತ ತೆರಿಗೆಯ ಲೆಕ್ಕ ನಂಬಲರ್ಹ. ಮೊದಲ ಅಲೆಯ ತಿಂಗಳುಗಳಲ್ಲಿ ಅಲ್ಲಿ ಒಟ್ಟು ಜೂಜು ಇಳಿದಿತ್ತು. ಒಂದು ಬಗೆಯ ಆಟ ಬಿಟ್ಟು ಇನ್ನೊಂದಕ್ಕೆ ಹೋದವರಿದ್ದರು, ಆದರೆ ಒಟ್ಟು ಮೊತ್ತ ಏರಿರಲಿಲ್ಲ. ಲುಂಡ್ ವಿಶ್ವವಿದ್ಯಾಲಯದ ಆಂಡರ್ಸ್ ಹೊಕಾನ್ಸನ್ ನಡೆಸಿದ ಸಮೀಕ್ಷೆಯಲ್ಲಿ ತಮ್ಮ ಜೂಜು ಹೆಚ್ಚಾಗಿದೆ ಎಂದವರು ಶೇ. 4ರ ಆಸುಪಾಸು ಮಾತ್ರ. ಕಡಿಮೆಯಾಗಿದೆ ಎಂದವರು ಅದಕ್ಕಿಂತ ಹೆಚ್ಚು. ಸಂಶೋಧಕರಾದ ಮೈಕೆಲ್ ಆವರ್, ಮಾರ್ಕ್ ಗ್ರಿಫಿತ್ಸ್ ಮತ್ತವರ ಸಂಗಡಿಗರು ಐದು ಸಾವಿರಕ್ಕೂ ಹೆಚ್ಚು ಯುರೋಪಿಯನ್ ಬಾಜಿಗಾರರ ಖಾತೆಗಳನ್ನು ಹಿಂಬಾಲಿಸಿದರು. ಫುಟ್‌ಬಾಲ್ ನಿಂತ ಮೇಲೆ ಇವರೆಲ್ಲ ಆನ್‌ಲೈನ್ ಕ್ಯಾಸಿನೊಗೆ ನುಗ್ಗುತ್ತಾರೆ ಎಂಬ ಭಯವಿತ್ತಲ್ಲ, ಅದೂ ಆಗಿರಲಿಲ್ಲ. ಇವರ ಕ್ಯಾಸಿನೊ ಆಟವೂ ತಗ್ಗಿತ್ತು.

ಯೋಚಿಸಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಬಹುಪಾಲು ಜನರಿಗೆ ಜೂಜು ಸಹವಾಸದ ಆಟ. ಶನಿವಾರ ಗೆಳೆಯರ ಜೊತೆ ಪಂದ್ಯ ನೋಡುವಾಗ ಹತ್ತು ಪೌಂಡ್, ಅಂಗಡಿಗೆ ಹೋದಾಗ ಒಂದು ಲಾಟರಿ ಚೀಟಿ. ಪಂದ್ಯವಿಲ್ಲ, ಗೆಳೆಯರಿಲ್ಲ, ಅಂಗಡಿ ಮುಚ್ಚಿದೆ ಎಂದಾದರೆ ಅವರು ಬ್ರೆಡ್ ಸುಡುವುದನ್ನು ಕಲಿಯುತ್ತಾರೆ, ಸೀರಿಯಲ್ ನೋಡುತ್ತಾರೆ. ಜೂಜು ನೆನಪಿಗೂ ಬರುವುದಿಲ್ಲ.

ಹಾಗಾದರೆ ನೆಮ್ಮದಿಯಿಂದ ಇರಬಹುದಿತ್ತೆ? ಹೊಕಾನ್ಸನ್ ಅವರ ಆ ಶೇ. 4ರ ಒಳಗೆ ಯಾರಿದ್ದರು ಎಂದು ನೋಡಿದರೆ ನೆಮ್ಮದಿ ಹಾರಿಹೋಗುತ್ತದೆ. ಮೊದಲೇ ಜೂಜಿನಿಂದ ಪೆಟ್ಟು ತಿಂದಿದ್ದವರೇ ಅವರಲ್ಲಿ ಎದ್ದು ಕಾಣುತ್ತಿದ್ದರು. ಬೇರೆ ದೇಶಗಳ ಅಧ್ಯಯನಗಳಲ್ಲೂ ಮತ್ತೆ ಮತ್ತೆ ಬಂದದ್ದು ಇದೇ ಚಿತ್ರ. ಹೆಚ್ಚಿಸಿಕೊಂಡವರು ಕೆಲವರೇ, ಅವರು ಬಹುಪಾಲು ಎಳೆಯ ವಯಸ್ಸಿನವರು, ಗಂಡಸರು, ಮತ್ತು ಈಗಾಗಲೇ ಅಂಚಿನಲ್ಲಿ ನಿಂತಿದ್ದವರು. ಸಾಂಕ್ರಾಮಿಕ ಜೂಜುಗಾರರನ್ನು ಜರಡಿ ಹಿಡಿಯಿತು. ಸುಮ್ಮನೆ ಆಡುವವರು ಕೆಳಗೆ ಉದುರಿದರು, ಬಿಡಲಾರದವರು ಮೇಲೆ ಉಳಿದರು. ಒಟ್ಟು ಮೊತ್ತ ಇಳಿದದ್ದೂ ನಿಜ, ಅಪಾಯ ಹೆಚ್ಚಿದ್ದೂ ನಿಜ.

ಈ ಉದ್ಯಮದ ಲಾಭದ ಲೆಕ್ಕ ಗೊತ್ತಿದ್ದವರಿಗೆ ಇದು ಹೊಸದಲ್ಲ. ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಸಮಿತಿ 2020ರ ಜುಲೈನಲ್ಲಿ ಕೊಟ್ಟ ವರದಿಯ ಪ್ರಕಾರ ಜೂಜು ಉದ್ಯಮದ ಲಾಭದ ಶೇ. 60 ಬರುವುದು ಶೇ. 5ರಷ್ಟು ಗಿರಾಕಿಗಳಿಂದ. ಆ ಶೇ. 5 ಯಾರೆಂದರೆ ಚಟಕ್ಕೆ ಬಿದ್ದವರು ಅಥವಾ ಬೀಳುವ ಅಪಾಯದಲ್ಲಿರುವವರು. ಉಳಿದ ತೊಂಬತ್ತೈದು ಮಂದಿ ಜಾಹೀರಾತಿನಲ್ಲಿ ನಗುತ್ತ ಕಾಣಿಸಿಕೊಳ್ಳಲು ಇರುವವರು ಎಂದರೆ ತೀರಾ ಕಟುವಾದೀತೇನೋ, ಆದರೆ ಲೆಕ್ಕ ಹಾಗೇ ಹೇಳುತ್ತದೆ.

ಬಿಡಲಾರದವರು ಏಕೆ ಬಿಡಲಾರರು ಎಂಬುದಕ್ಕೆ ಮಿದುಳಿನೊಳಗೆ ಇಣುಕಬೇಕು. ವುಲ್ಫ್ರಾಮ್ ಶುಲ್ಟ್ಜ್ ಎಂಬ ನರವಿಜ್ಞಾನಿ ಕೋತಿಗಳಿಗೆ ಹಣ್ಣಿನ ರಸ ಕೊಡುತ್ತ ಅವುಗಳ ಡೋಪಮೈನ್ ನರಕೋಶಗಳ ಮಿಡಿತವನ್ನು ದಾಖಲಿಸುತ್ತಿದ್ದರು. ಡೋಪಮೈನ್ ಅಂದರೆ ಸುಖದ ರಾಸಾಯನಿಕ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಶುಲ್ಟ್ಜ್ ಕಂಡದ್ದು ಅದಲ್ಲ. ರಸ ಸಿಗುವುದು ಖಚಿತವಾದ ಮೇಲೆ, ರಸ ನಾಲಿಗೆಗೆ ಬಿದ್ದಾಗ ಆ ಕೋಶಗಳು ತಣ್ಣಗಿರುತ್ತಿದ್ದವು. ಅವು ಮಿಡಿಯುತ್ತಿದ್ದದ್ದು ನಿರೀಕ್ಷೆಗೂ ಸಿಕ್ಕಿದ್ದಕ್ಕೂ ನಡುವಿನ ಅಂತರಕ್ಕೆ. ಎಣಿಸಿದ್ದಕ್ಕಿಂತ ಹೆಚ್ಚು ಸಿಕ್ಕರೆ ಜೋರು, ಕಡಿಮೆ ಸಿಕ್ಕರೆ ಮೌನ. 2003ರಲ್ಲಿ ಅವರ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ರಸ ಸಿಗುವ ಸಂಭವವನ್ನು ಬದಲಿಸುತ್ತ ಹೋದಾಗ, ಕಾಯುವ ಆ ಒಂದೆರಡು ಕ್ಷಣಗಳಲ್ಲಿ ಕೋಶಗಳ ಚಟುವಟಿಕೆ ಏರುತ್ತ ಹೋಗುತ್ತಿತ್ತು. ಅದು ತುತ್ತತುದಿ ಮುಟ್ಟಿದ್ದು ಸಿಕ್ಕೇ ಸಿಗುತ್ತದೆ ಎಂದಾಗಲ್ಲ, ಸಿಗುವುದೇ ಇಲ್ಲ ಎಂದಾಗಲೂ ಅಲ್ಲ. ಸಿಗಬಹುದು, ಸಿಗದೆಯೂ ಇರಬಹುದು, ಅರ್ಧಕ್ಕರ್ಧ ಎಂಬಲ್ಲಿ.

ಮನುಷ್ಯರಲ್ಲಿ ಇದಕ್ಕೆ ಅಯಾಚಿತವಾಗಿ ಒಂದು ಪುರಾವೆ ಸಿಕ್ಕಿತು. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಾಮಿಪೆಕ್ಸೋಲ್‌ನಂಥ ಔಷಧಗಳು ಡೋಪಮೈನಿನ ಕೆಲಸವನ್ನು ಅನುಕರಿಸುತ್ತವೆ. ಜೀವಮಾನದಲ್ಲಿ ಇಸ್ಪೀಟು ಮುಟ್ಟದ ಹಿರಿಯರು ಕೆಲವರು ಈ ಗುಳಿಗೆ ಶುರುಮಾಡಿದ ಮೇಲೆ ವಿಪರೀತ ಜೂಜಾಡತೊಡಗಿದರು. ಗುಳಿಗೆಯ ಪ್ರಮಾಣ ಇಳಿಸಿದಾಗ ಅವರಲ್ಲಿ ಅನೇಕರ ಗೀಳೂ ಇಳಿಯಿತು. ಜೂಜಿನ ಚಟ ಬರೀ ನಡತೆಗೇಡಿತನ ಎನ್ನುವವರು ಈ ರೋಗಿಗಳ ಬಗ್ಗೆ ಏನು ಹೇಳುತ್ತಾರೋ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಜೂಜಿನ ಚಟವನ್ನು ಮದ್ಯ ಮತ್ತು ಮಾದಕ ದ್ರವ್ಯಗಳ ವ್ಯಸನದ ಸಾಲಿಗೆ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿಯೂ ಅದನ್ನು ವ್ಯಸನಗಳ ಗುಂಪಿನಲ್ಲೇ ಇಟ್ಟಿದೆ. ಆ ಪಟ್ಟಿ ಜಾರಿಗೆ ಬಂದದ್ದು 2022ರ ಜನವರಿಯಲ್ಲಿ, ಸಾಂಕ್ರಾಮಿಕದ ನಡುವೆಯೇ.

ಆಟ ಕಟ್ಟುವವರು ಈ ವಿಜ್ಞಾನವನ್ನು ಓದಿದ್ದಾರೋ ಇಲ್ಲವೋ, ಅದರ ಫಲವನ್ನಂತೂ ಬಳಸುತ್ತಾರೆ. ಸ್ಲಾಟ್ ಯಂತ್ರದ ಆಟದಲ್ಲಿ ಎರಡು ಚೆರ್ರಿ ಹಣ್ಣು ಸಾಲಾಗಿ ಬಂದು ಮೂರನೆಯದು ಕೂದಲೆಳೆಯಲ್ಲಿ ತಪ್ಪುತ್ತದಲ್ಲ, ಅದು ನಷ್ಟವೇ. ಆದರೆ ಸಂಶೋಧಕ ಲೂಕ್ ಕ್ಲಾರ್ಕ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದಂತೆ, ಗೆದ್ದಾಗ ಬೆಳಗುವ ಮಿದುಳಿನ ಭಾಗಗಳಲ್ಲಿ ಕೆಲವು ಆಗಲೂ ಬೆಳಗುತ್ತವೆ. ಬೇಸರವಾಗುತ್ತದೆ, ಜೊತೆಗೇ ಇನ್ನೊಮ್ಮೆ ಆಡುವ ಆಸೆಯೂ ಹೆಚ್ಚುತ್ತದೆ. ಇದಕ್ಕಿಂತ ಚಾಲಾಕಿನ ತಂತ್ರ ಇನ್ನೊಂದಿದೆ. ಇಪ್ಪತ್ತು ಸಾಲುಗಳ ಮೇಲೆ ಒಂದೊಂದು ರೂಪಾಯಿ ಕಟ್ಟಿದಿರಿ ಎನ್ನಿ. ಒಂದು ಸಾಲಿನಲ್ಲಿ ಐದು ರೂಪಾಯಿ ಬಂತು. ಹದಿನೈದು ರೂಪಾಯಿ ಹೋಯಿತು. ಆದರೆ ಯಂತ್ರ ಗಂಟೆ ಬಾರಿಸುತ್ತದೆ, ದೀಪ ಮಿನುಗಿಸುತ್ತದೆ, ಗೆದ್ದಿರಿ ಎನ್ನುತ್ತದೆ. ಕೆನಡಾದ ಸಂಶೋಧಕ ಮೈಕ್ ಡಿಕ್ಸನ್ ಆಟಗಾರರ ಬೆರಳಿಗೆ ತಂತಿ ಸಿಕ್ಕಿಸಿ ಬೆವರಿನ ಏರಿಳಿತ ಅಳೆದರು. ಈ ಸುಳ್ಳು ಗೆಲುವಿಗೂ ನಿಜ ಗೆಲುವಿಗೂ ಮೈ ಸ್ಪಂದಿಸಿದ್ದು ಒಂದೇ ತೆರನಾಗಿ.

ಲಾಸ್ ವೇಗಸ್‌ನಲ್ಲಿ ವರ್ಷಗಟ್ಟಲೆ ಜೂಜುಗಾರರ ಜೊತೆ ಮಾತಾಡಿದ ಮಾನವಶಾಸ್ತ್ರಜ್ಞೆ ನತಾಶಾ ಡೌ ಶುಲ್ ಅವರಿಗೆ ಕೊನೆಗೆ ಅರ್ಥವಾದದ್ದು ಇನ್ನೂ ಮುಂದಿನ ಸಂಗತಿ. ಚಟ ಬಲಿತವರು ಗೆಲ್ಲಲು ಆಡುವುದಿಲ್ಲ, ಆಡುತ್ತಲೇ ಇರಲು ಆಡುತ್ತಾರೆ. ದೊಡ್ಡ ಮೊತ್ತ ಗೆದ್ದರೆ ಕೆಲವರಿಗೆ ಕಿರಿಕಿರಿಯಾಗುತ್ತದೆ, ಏಕೆಂದರೆ ಆಟ ಒಂದು ಗಳಿಗೆ ನಿಲ್ಲುತ್ತದೆ. ಹೊತ್ತು, ಹಸಿವು, ಸಾಲಗಾರರು, ಹೆಂಡತಿ ಮಕ್ಕಳು ಎಲ್ಲವೂ ಮರೆಯಾಗುವ ಒಂದು ಸ್ಥಿತಿ ಅವರಿಗೆ ಬೇಕು. ಲಾಕ್‌ಡೌನಿನ ದಿನಗಳಲ್ಲಿ ಮರೆಯಬೇಕಾದದ್ದು ಎಷ್ಟೊಂದಿತ್ತು ಎಂದು ನೆನಪಿಸಿಕೊಂಡರೆ ಈ ಮಾತಿನ ತೂಕ ತಿಳಿಯುತ್ತದೆ.

ಹೀಗಾಗಿ ಜೂಜಿನ ಅಪಾಯವನ್ನು ಅಳೆಯಲು ಮುಖ್ಯವಾಗಿ ನೋಡಬೇಕಾದದ್ದು ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವೆ ಎಷ್ಟು ಬಿಡುವಿದೆ ಎಂಬುದನ್ನು. ಲಾಟರಿಗೆ ವಾರ, ಕುದುರೆಗೆ ಅರ್ಧ ಗಂಟೆ, ಫುಟ್‌ಬಾಲಿಗೆ ಒಂದೂವರೆ ಗಂಟೆ. ಸ್ಲಾಟಿಗೆ ಮೂರು ಸೆಕೆಂಡು. ಹಳೆಯ ಜೂಜಿನಲ್ಲಿ ಸುತ್ತುಗಳ ನಡುವಿನ ಬಿಡುವಿನ ಜೊತೆಗೆ ಹೊರಗಿನ ಅಡ್ಡಿಗಳೂ ಇದ್ದವು. ನಮ್ಮ ಊರಿನ ಇಸ್ಪೀಟ್ ಅಡ್ಡೆಗೆ ಹೋಗುವವನಿಗೆ ಜೇಬಿನಲ್ಲಿ ನೋಟು ಬೇಕು, ದಾರಿಯಲ್ಲಿ ಯಾರ ಕಣ್ಣಿಗೂ ಬೀಳಬಾರದು, ಪೊಲೀಸರ ರೈಡಿನ ಹೆದರಿಕೆ ಬೇರೆ. ಜೇಬು ಖಾಲಿಯಾದರೆ ಎದ್ದು ಬರಬೇಕು, ಇಲ್ಲವೇ ಪಕ್ಕದವನಲ್ಲಿ ಕೈಚಾಚಬೇಕು. ಪಕ್ಕದವನು ಇಲ್ಲ ಅನ್ನಬಹುದು. ಓಸಿ ಚೀಟಿ ಬರೆಸುವವನೂ ನಂಬರ್ ಬರುವತನಕ ಕಾಯಲೇಬೇಕು. ಈ ಅಡ್ಡಿಗಳು ಯಾರ ಚಟವನ್ನೂ ವಾಸಿ ಮಾಡಿರಲಿಲ್ಲ, ಆದರೆ ಒಂದೇ ರಾತ್ರಿಯಲ್ಲಿ ಮನೆ ಮುಳುಗಿಸಿಕೊಳ್ಳುವುದನ್ನು ಕಷ್ಟವಾಗಿಸಿದ್ದವು.

ಭಾರತದಲ್ಲಿ ಆ ಅಡ್ಡಿಗಳು ಕರಗಿದ್ದು ಇದೇ ಕಾಲದಲ್ಲಿ. 2020ರ ಏಪ್ರಿಲ್‌ನಲ್ಲಿ ಯುಪಿಐ ಮೂಲಕ ನಡೆದ ವಹಿವಾಟುಗಳು ಸುಮಾರು 100 ಕೋಟಿ. ಅದೇ ವರ್ಷದ ಅಕ್ಟೋಬರಿನಲ್ಲಿ 207 ಕೋಟಿ. ತರಕಾರಿ ಗಾಡಿಯಲ್ಲೂ ಕ್ಯುಆರ್ ಕೋಡ್ ಅಂಟಿಸಿದ ಈ ಬದಲಾವಣೆಯಿಂದ ಆದ ಉಪಕಾರ ಸಣ್ಣದಲ್ಲ. ಆದರೆ ರಮ್ಮಿ ಆ್ಯಪಿನ ವಾಲೆಟ್ಟಿಗೂ ಸಂಬಳದ ಖಾತೆಗೂ ನಡುವಿನ ದಾರಿ ನಾಲ್ಕಂಕಿಯ ಪಿನ್‌ನಷ್ಟು ಗಿಡ್ಡವಾಯಿತು. ಖಾತೆ ಬರಿದಾದವರಿಗೆ ಸಾಲದ ಆ್ಯಪುಗಳಿದ್ದವು. 2021ರ ಆರಂಭದಲ್ಲಿ ರಿಸರ್ವ್ ಬ್ಯಾಂಕಿನ ಕಾರ್ಯತಂಡವೊಂದು ಎಣಿಸಿದಾಗ ಅಂಥ ಆ್ಯಪುಗಳು 1,100ರಷ್ಟು ಸಿಕ್ಕವು, ಅವುಗಳಲ್ಲಿ 600 ಅಕ್ರಮ. ಪಕ್ಕದವನು ಇಲ್ಲ ಅನ್ನಬಹುದಿತ್ತು, ಈ ಆ್ಯಪುಗಳು ಎಂದೂ ಅನ್ನಲಿಲ್ಲ.

ಇದರ ಮೇಲೆ ಮರ್ಯಾದೆಯ ಮುದ್ರೆಯೊಂದು ಬಿತ್ತು. ಗಡಿ ತಂಟೆಯ ನಂತರ ಚೀನಾದ ವಿವೊ ಕಂಪನಿ ಹಿಂದೆ ಸರಿದಾಗ 2020ರ ಐಪಿಎಲ್‌ನ ಶೀರ್ಷಿಕೆ ಪ್ರಾಯೋಜಕತ್ವ 222 ಕೋಟಿ ರೂಪಾಯಿಗೆ ಡ್ರೀಮ್11 ಎಂಬ ಹಣದ ಫ್ಯಾಂಟಸಿ ಕ್ರಿಕೆಟ್ ಆ್ಯಪಿನ ಪಾಲಾಯಿತು. ಯುಎಇಯ ಖಾಲಿ ಮೈದಾನಗಳಲ್ಲಿ ನಡೆದ ಆ ಪಂದ್ಯಾವಳಿಯನ್ನು ಇಡೀ ದೇಶ ಮನೆಯಲ್ಲಿ ಕೂತು ನೋಡಿತು. ಓವರಿಗೊಮ್ಮೆ ಜಾಹೀರಾತು. ಕೊನೆಯಲ್ಲಿ ಓಡುವ ದನಿಯಲ್ಲಿ ಒಂದು ಎಚ್ಚರಿಕೆ, ಚಟವಾಗಬಹುದು, ಜವಾಬ್ದಾರಿಯಿಂದ ಆಡಿ.

ಯುರೋಪಿನ ಸರ್ಕಾರಗಳು ಈ ಹೊತ್ತಿಗೆ ಏನು ಮಾಡುತ್ತಿದ್ದವು ಎಂದು ನೋಡುವುದು ಒಳ್ಳೆಯದು, ಏಕೆಂದರೆ ಅಲ್ಲಿ ಒಂದೊಂದು ದೇಶ ಒಂದೊಂದು ಮದ್ದು ಹಿಡಿಯಿತು. ಲಾಟ್ವಿಯಾ ಆನ್‌ಲೈನ್ ಜೂಜನ್ನೂ ಸೇರಿಸಿ ಎಲ್ಲವನ್ನೂ ಕೆಲಕಾಲ ಮುಚ್ಚಿಬಿಟ್ಟಿತು. ಸ್ಪೇನ್ ಜಾಹೀರಾತುಗಳನ್ನು ರಾತ್ರಿ 1ರಿಂದ 5 ಗಂಟೆಯೊಳಗೆ ತಳ್ಳಿತು. ಸ್ವೀಡನ್ ಹಿಡಿದ ದಾರಿ ಹೆಚ್ಚು ಸೂಕ್ಷ್ಮದ್ದು. 2020ರ ಜುಲೈ 2ರಿಂದ ಆನ್‌ಲೈನ್ ಕ್ಯಾಸಿನೊದಲ್ಲಿ ವಾರಕ್ಕೆ 5,000 ಕ್ರೋನರ್‌ಗಿಂತ ಹೆಚ್ಚು ಜಮಾ ಮಾಡುವಂತಿರಲಿಲ್ಲ, ಎಷ್ಟು ಹೊತ್ತು ಆಡುತ್ತೇನೆ ಎಂದು ಮೊದಲೇ ನಮೂದಿಸಬೇಕಿತ್ತು, ಬೋನಸ್ 100 ಕ್ರೋನರ್ ದಾಟುವಂತಿರಲಿಲ್ಲ. ಕಾಗದದ ಮೇಲೆ ಚಂದವಾಗಿತ್ತು. ಆದರೆ ಮಿತಿ ಇದ್ದದ್ದು ಒಂದೊಂದು ಕಂಪನಿಗೆ ಪ್ರತ್ಯೇಕವಾಗಿ. ಇಲ್ಲಿ 5,000 ಮುಗಿದರೆ ಪಕ್ಕದ ಸೈಟಿನಲ್ಲಿ ಮತ್ತೆ 5,000. ಚಟ ಇಲ್ಲದವನು ಒಂದೇ ಸೈಟಿನಲ್ಲಿ ಆಡುತ್ತಾನೆ, ಅವನಿಗೆ ಮಿತಿಯ ಅಗತ್ಯವಿಲ್ಲ; ಚಟ ಇರುವವನಿಗೆ ಹತ್ತು ಖಾತೆ, ಅವನನ್ನು ಮಿತಿ ತಡೆಯುವುದಿಲ್ಲ. ಜರ್ಮನಿ ಈ ತೂತನ್ನು ಗಮನಿಸಿತು. ಅಲ್ಲಿ 2021ರ ಜುಲೈನಿಂದ ಎಲ್ಲ ಕಂಪನಿಗಳೂ ಸೇರಿ ಒಬ್ಬನಿಗೆ ತಿಂಗಳಿಗೆ 1,000 ಯೂರೊ, ಲೆಕ್ಕ ಇಡಲು ಒಂದೇ ಕೇಂದ್ರೀಯ ಕಡತ.

ಬ್ರಿಟನ್ನಿನಲ್ಲಿ ನಡೆದದ್ದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಅಲ್ಲಿ ಕೆಲವು ಕ್ರಮಗಳು ಕೊರೊನಾಕ್ಕೆ ಮೊದಲೇ ತಯಾರಾಗಿ ಸರಿಯಾದ ಹೊತ್ತಿಗೆ ಬಂದು ಬಿದ್ದವು. 2020ರ ಮಾರ್ಚ್ 31ರಿಂದ ಪ್ರತಿ ಆನ್‌ಲೈನ್ ಕಂಪನಿಯೂ ‘ಗ್ಯಾಮ್‌ಸ್ಟಾಪ್’ ಪಟ್ಟಿಗೆ ಸೇರಲೇಬೇಕಾಯಿತು. ನನ್ನನ್ನು ಒಳಗೆ ಬಿಡಬೇಡಿ ಎಂದು ಆಟಗಾರ ಒಮ್ಮೆ ಬರೆದುಕೊಟ್ಟರೆ ಪರವಾನಗಿ ಇರುವ ಎಲ್ಲ ಸೈಟುಗಳೂ ಅವನಿಗೆ ಬಾಗಿಲು ಮುಚ್ಚುತ್ತವೆ. ಏಪ್ರಿಲ್ 14ರಿಂದ ಕ್ರೆಡಿಟ್ ಕಾರ್ಡಿನಲ್ಲಿ ಜೂಜಾಡುವುದು ನಿಷಿದ್ಧವಾಯಿತು. ನಂತರ ಜೂಜಿನ ಮೇಲೆ ನಿಗಾ ಇಡುವ ಗ್ಯಾಂಬ್ಲಿಂಗ್ ಕಮಿಷನ್ ಆಟದ ಒಳರಚನೆಗೇ ಕೈ ಹಾಕಿತು. ಗೆದ್ದ ಹಣವನ್ನು ಬ್ಯಾಂಕಿಗೆ ಕಳಿಸಿ ಎಂದು ಕೋರಿದ ಮೇಲೆ, ಅದು ತಲುಪುವುದರೊಳಗೆ ಮನಸ್ಸು ಬದಲಿಸಿ ಮತ್ತೆ ಆಟಕ್ಕೆ ಸುರಿಯುವ ಅವಕಾಶವನ್ನು ಸೈಟುಗಳು ಬೇಕೆಂದೇ ಇಟ್ಟುಕೊಂಡಿದ್ದವು. ಅದನ್ನು ಕಿತ್ತುಹಾಕಿದರು. 2021ರ ಅಕ್ಟೋಬರ್ ಕೊನೆಯಿಂದ ಸ್ಲಾಟಿನ ಒಂದು ಸುತ್ತು ಕನಿಷ್ಠ 2.5 ಸೆಕೆಂಡ್ ತೆಗೆದುಕೊಳ್ಳಬೇಕು, ಯಂತ್ರ ತಾನಾಗಿಯೇ ಆಡುತ್ತ ಹೋಗುವ ಸೌಲಭ್ಯ ಇರಕೂಡದು, ಕಟ್ಟಿದ್ದಕ್ಕಿಂತ ಕಡಿಮೆ ಬಂದಾಗ ಗಂಟೆ ಬಾರಿಸಿ ಸಂಭ್ರಮಿಸಕೂಡದು. ಡಿಕ್ಸನ್ ಅವರ ಬೆವರಿನ ಪ್ರಯೋಗ ಹನ್ನೊಂದು ವರ್ಷದಲ್ಲಿ ಒಂದು ದೇಶದ ನಿಯಮವಾಗಿ ಬದಲಾದದ್ದು ಹೀಗೆ.

ಬ್ಯಾಂಕುಗಳೂ ಸೇರಿಕೊಂಡವು. ಮೊಂಜೊ ಬ್ಯಾಂಕಿನ ಆ್ಯಪಿನಲ್ಲಿ 2018ರಿಂದಲೇ ಒಂದು ಗುಂಡಿ ಇದೆ, ಒತ್ತಿದರೆ ಜೂಜಿನ ಕಂಪನಿಗಳಿಗೆ ದುಡ್ಡು ಹೋಗುವುದು ನಿಲ್ಲುತ್ತದೆ. ಮತ್ತೆ ತೆರೆಯಬೇಕಾದರೆ ಸಿಬ್ಬಂದಿಯೊಂದಿಗೆ ಮಾತಾಡಬೇಕು, 48 ಗಂಟೆ ಕಾಯಬೇಕು. ಕಡುಬಯಕೆ ಎರಡು ದಿನ ಒಂದೇ ಮಟ್ಟದಲ್ಲಿ ಇರುವುದಿಲ್ಲ, ಏರಿ ಇಳಿಯುತ್ತದೆ. ಚಿಕಿತ್ಸೆ ಕೊಡುವವರೆಲ್ಲ ಬಲ್ಲ ಈ ಸಂಗತಿಯ ಮೇಲೆಯೇ ಆ ಗುಂಡಿ ನಿಂತಿದೆ. ಅಡ್ಡೆಗೆ ನಡೆದುಹೋಗುವ ದಾರಿ ಹಿಂದೆ ಪುಕ್ಕಟೆಯಾಗಿ ಕೊಡುತ್ತಿದ್ದ ಬಿಡುವನ್ನು ಈಗ ಸಾಫ್ಟ್‌ವೇರ್ ಬರೆದು ಕೊಡಬೇಕಾಗಿದೆ.

ಚಿಕಿತ್ಸೆಯಲ್ಲಿ ಸಾಂಕ್ರಾಮಿಕದಿಂದ ಒಂದು ಲಾಭವೂ ಆಯಿತು. ಚಟ ಬಿಡಲು ಹೆಣಗುವವರ ಗ್ಯಾಂಬ್ಲರ್ಸ್ ಅನಾನಿಮಸ್ ಸಭೆಗಳು, ಆಪ್ತ ಸಮಾಲೋಚನೆ ಎಲ್ಲವೂ ವಿಡಿಯೊ ಕರೆಗೆ ಬಂದವು. ಊರಿನಲ್ಲಿ ಯಾರಾದರೂ ನೋಡಿಯಾರು ಎಂದು ಕ್ಲಿನಿಕ್ಕಿನ ಮೆಟ್ಟಿಲು ಹತ್ತದವರಿಗೆ ಇದು ಅನುಕೂಲವಾಯಿತು. ಅದೇ ಮೊಬೈಲಿನಲ್ಲಿ ಪಕ್ಕದ ಕಿಟಕಿಯಲ್ಲೇ ಜೂಜು ಕಾದು ಕುಳಿತಿರುತ್ತದೆ ಎಂಬುದೂ ಸುಳ್ಳಲ್ಲ.

ನಮ್ಮಲ್ಲಿ ಚರ್ಚೆ ಬೇರೆಯೇ ಹಳಿಯ ಮೇಲೆ ಓಡಿತು. ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1960ರ ದಶಕದಲ್ಲೇ ಹೇಳಿತ್ತು. ಅದು ಸಿಕಂದರಾಬಾದಿನ ಒಂದು ಕ್ಲಬ್ಬಿನ ಪ್ರಕರಣ, ಮೇಜಿನ ಸುತ್ತ ಮುಖ ನೋಡಿಕೊಂಡು ಎಲೆ ಹಿಡಿದು ಕೂತವರದ್ದು. ಅರ್ಧ ಶತಮಾನದ ಬಳಿಕ ಅದೇ ತೀರ್ಪು ಮೊಬೈಲ್ ರಮ್ಮಿಗೆ ಗುರಾಣಿಯಾಯಿತು. ಆನ್‌ಲೈನ್ ರಮ್ಮಿಯ ಸಾಲದಿಂದ ಆತ್ಮಹತ್ಯೆಗಳಾದವೆಂಬ ಸುದ್ದಿಗಳ ಹಿಂದೆಯೇ ತಮಿಳುನಾಡು ನಿಷೇಧ ತಂದಿತು, ಮದ್ರಾಸ್ ಹೈಕೋರ್ಟ್ 2021ರ ಆಗಸ್ಟಿನಲ್ಲಿ ಅದನ್ನು ರದ್ದು ಮಾಡಿತು. ಕೇರಳದಲ್ಲೂ ಹಾಗೇ ಆಯಿತು. ಕರ್ನಾಟಕ 2021ರ ಅಕ್ಟೋಬರಿನಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ರೇಸ್ ಕೋರ್ಸಿನ ಕುದುರೆಗಳಿಗೆ ಮಾತ್ರ ವಿನಾಯಿತಿ. 2022ರ ಫೆಬ್ರವರಿ 14ರಂದು ನಮ್ಮ ಹೈಕೋರ್ಟೂ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೊಡೆದುಹಾಕಿತು.

ಕೌಶಲವೋ ಅದೃಷ್ಟವೋ ಎಂಬುದು ಕಾನೂನಿಗೆ ಬಹುದೊಡ್ಡ ಪ್ರಶ್ನೆ. ಚಟಕ್ಕೆ ಅದು ಲೆಕ್ಕಕ್ಕೇ ಇಲ್ಲ. ಅಷ್ಟೇ ಅಲ್ಲ, ಕೌಶಲ ಇದೆ ಎಂಬ ನಂಬಿಕೆಯೇ ಗಾಳವಾಗಬಹುದು. ಮನಶ್ಶಾಸ್ತ್ರಜ್ಞೆ ಎಲೆನ್ ಲ್ಯಾಂಗರ್ 1975ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಒಂದು ಡಾಲರಿನ ಲಾಟರಿ ಚೀಟಿಯನ್ನು ಕೆಲವರು ತಾವೇ ಆರಿಸಿಕೊಂಡರು, ಉಳಿದವರಿಗೆ ಕೈಗೆ ಬಂದದ್ದನ್ನು ಕೊಟ್ಟರು. ಆಮೇಲೆ ಚೀಟಿಯನ್ನು ಮರಳಿ ಮಾರುತ್ತೀರಾ ಎಂದು ಕೇಳಿದಾಗ ಕೊಟ್ಟಿದ್ದನ್ನು ತೆಗೆದುಕೊಂಡವರು ಕೇಳಿದ ಬೆಲೆ ಸರಾಸರಿ ಎರಡು ಡಾಲರಿನಷ್ಟು. ತಾವೇ ಆರಿಸಿದವರು ಎಂಟು ಡಾಲರಿಗೂ ಹೆಚ್ಚು ಕೇಳಿದರು. ಲಾಟರಿಯಲ್ಲೇ ಹೀಗಾದರೆ, ಡ್ರೀಮ್11ನಂಥ ಆಟದಲ್ಲಿ ಹನ್ನೊಂದು ಮಂದಿ ಆಟಗಾರರನ್ನು ತಾನೇ ಆರಿಸಿ, ಪಿಚ್ ವರದಿ ಓದಿ, ನಾಯಕನನ್ನು ನೇಮಿಸಿದವನ ಗತಿ? ಸೋತಾಗ ಅವನು ಅದೃಷ್ಟವನ್ನು ಬಯ್ಯುವುದಿಲ್ಲ, ನನ್ನ ಲೆಕ್ಕಾಚಾರ ಒಂದಿಷ್ಟು ತಪ್ಪಿತು, ನಾಳೆ ಸರಿಪಡಿಸುತ್ತೇನೆ ಎನ್ನುತ್ತಾನೆ. ನ್ಯಾಯಾಲಯದಲ್ಲಿ ಕಂಪನಿಯನ್ನು ಕಾಪಾಡಿದ ವಾದವೇ ಮನೆಯಲ್ಲಿ ಅವನನ್ನು ಮುಳುಗಿಸುತ್ತದೆ.

ತಮಿಳುನಾಡು ಆಮೇಲೆ ಬೇರೆ ದಾರಿ ಹಿಡಿಯಿತು. 2025ರ ಫೆಬ್ರವರಿಯ ನಿಯಮಗಳಲ್ಲಿ ರಮ್ಮಿಯನ್ನು ಮುಚ್ಚುವ ಮಾತಿರಲಿಲ್ಲ, ಅಡ್ಡಿಗಳಿದ್ದವು. ನಡುರಾತ್ರಿ 12ರಿಂದ ಬೆಳಗಿನ 5ರವರೆಗೆ ಹಣದ ಆಟ ಆಡುವಂತಿರಲಿಲ್ಲ, ಆಧಾರ್ ಮೂಲಕ ಗುರುತು ಕಡ್ಡಾಯವಾಗಿತ್ತು. ಜೂನಿನಲ್ಲಿ ಮದ್ರಾಸ್ ಹೈಕೋರ್ಟ್ ಇವನ್ನು ಎತ್ತಿಹಿಡಿಯಿತು. ಇದು ಎಷ್ಟರಮಟ್ಟಿಗೆ ಕೆಲಸ ಮಾಡುತ್ತದೆ ಎಂದು ನೋಡಲು ಅವಕಾಶವೇ ಸಿಗಲಿಲ್ಲ. ಆಗಸ್ಟಿನಲ್ಲಿ ಸಂಸತ್ತು ಎರಡು ದಿನದಲ್ಲಿ ಹೊಸ ಕಾಯ್ದೆ ಪಾಸು ಮಾಡಿ, ಕೌಶಲವೋ ಅದೃಷ್ಟವೋ ಎಂಬ ವ್ಯತ್ಯಾಸವನ್ನೇ ಬದಿಗಿಟ್ಟು, ಹಣದ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸಿತು. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡುವವರಿಗೆ ಶಿಕ್ಷೆ ಇಲ್ಲ, ಅದು ವಿವೇಕದ ಕೆಲಸ.

ಆ ಸಂದರ್ಭದಲ್ಲಿ ಸರ್ಕಾರ ಕೊಟ್ಟ ಅಂದಾಜು ಹೀಗಿತ್ತು: ಹಣದ ಆಟಗಳಿಂದ 45 ಕೋಟಿ ಜನರಿಗೆ ತೊಂದರೆಯಾಗಿದೆ, 20,000 ಕೋಟಿ ರೂಪಾಯಿ ಕಳೆದುಹೋಗಿದೆ. ಭಾಗಿಸಿ ನೋಡಿ, ತಲೆಗೆ 444 ರೂಪಾಯಿ. ಒಂದು ಕುಟುಂಬ ಹೋಟೆಲಿನಲ್ಲಿ ಊಟ ಮಾಡಿದರೆ ಆಗುವ ಖರ್ಚು. ಇಷ್ಟಕ್ಕೆ ಯಾರ ಮನೆಯೂ ಹರಾಜಾಗುವುದಿಲ್ಲ. ಮನೆಗಳು ಹರಾಜಾಗಿವೆ ಎಂದಾದರೆ ನಷ್ಟ ಸಮನಾಗಿ ಹಂಚಿಕೊಂಡಿಲ್ಲ ಎಂದೇ ಅರ್ಥ. 45 ಕೋಟಿಯಲ್ಲಿ ಬಹುಪಾಲು ಜನ ಐವತ್ತು ನೂರು ಕಳೆದುಕೊಂಡಿರಬೇಕು, ಒಂದು ಸಣ್ಣ ಪಾಲು ಲಕ್ಷಗಟ್ಟಲೆ. ಸ್ವೀಡನ್ನಿನ ಶೇ. 4, ಲಾರ್ಡ್ಸ್ ವರದಿಯ ಶೇ. 5, ಅದೇ ಕಥೆ. ಆ ಸಣ್ಣ ಪಾಲಿನವರಿಗೆ ಆ್ಯಪ್ ಮುಚ್ಚಿದ ದಿನ ಚಟ ಮುಚ್ಚುವುದಿಲ್ಲ. ವಿದೇಶಿ ಸೈಟುಗಳಿವೆ, ಟೆಲಿಗ್ರಾಂ ಗುಂಪುಗಳಿವೆ, ಹಳೆಯ ಬುಕ್ಕಿ ಇದ್ದೇ ಇದ್ದಾನೆ.

ಚಟಕ್ಕೆ ಬಿದ್ದವರಿಗಾಗಿ ಇರುವ ಚಿಕಿತ್ಸೆಯ ವ್ಯವಸ್ಥೆ ತೆಳುವಾದದ್ದು. ಬೆಂಗಳೂರಿನ ನಿಮ್ಹಾನ್ಸ್ 2014ರಿಂದ ‘ಶಟ್’ ಎಂಬ ಹೆಸರಿನಲ್ಲಿ ತಂತ್ರಜ್ಞಾನದ ಗೀಳಿಗೆ ಪ್ರತ್ಯೇಕ ಕ್ಲಿನಿಕ್ ನಡೆಸುತ್ತಿದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಪುಕ್ಕಟೆ, ಯಾವ ಹೊತ್ತಿನಲ್ಲಾದರೂ. ಆದರೆ ಸಂಶೋಧಕರಿಗೆ ಒಂದು ತೊಡಕು ಎದುರಾಗಿದೆ. ಸ್ವೀಡನ್ನಿನವರು ತೆರಿಗೆಯ ಕಡತದಲ್ಲಿ ಜನರ ನಡವಳಿಕೆಯನ್ನು ಓದಿದ್ದರು. ನಮ್ಮಲ್ಲಿ 2023ರ ಅಕ್ಟೋಬರಿನಿಂದ ಜಮಾ ಆಗುವ ಹಣದ ಮೇಲೆ ಶೇ. 28 ಜಿಎಸ್‌ಟಿ ಇತ್ತು, ಅಂಥದ್ದೇ ಕಡತವೊಂದು ಬೆಳೆಯುತ್ತಿತ್ತು. ನಿಷೇಧದ ನಂತರ ಅದು ನಿಂತಿದೆ. ಕದ್ದು ಆಡುವವನು ತೆರಿಗೆ ಕಟ್ಟುವುದಿಲ್ಲ.

ಹಾಗಾಗಿ ಇನ್ನು ಮುಂದೆ ಲೆಕ್ಕ ಸಿಗಬೇಕಾದರೆ ಆಸ್ಪತ್ರೆಗಳಲ್ಲಿ ಕೇಳಿಯೇ ತಿಳಿಯಬೇಕು. ಬೀಡಿ ಸೇದುತ್ತೀರಾ, ಕುಡಿಯುತ್ತೀರಾ ಎಂದು ಕೇಳುವ ವೈದ್ಯರು ಜೂಜಿನ ಬಗ್ಗೆ ಕೇಳುವುದು ಅಪರೂಪ. ಕೇಳಲು ಉದ್ದನೆಯ ಪ್ರಶ್ನಾವಳಿಯೂ ಬೇಕಿಲ್ಲ. ಮನೋವೈದ್ಯರು ಬಹುಕಾಲದಿಂದ ಬಳಸುತ್ತಿರುವ ಪುಟ್ಟ ಪರೀಕ್ಷೆಯೊಂದರಲ್ಲಿ ಇರುವುದು ಎರಡೇ ಪ್ರಶ್ನೆ. ಕಟ್ಟುವ ದುಡ್ಡನ್ನು ಹೆಚ್ಚಿಸುತ್ತ ಹೋಗಬೇಕು ಎಂದು ಎಂದಾದರೂ ಅನ್ನಿಸಿದೆಯೆ? ಎಷ್ಟು ಆಡಿದೆ ಎಂಬ ಬಗ್ಗೆ ನಿಮಗೆ ಮುಖ್ಯರಾದವರಿಗೆ ಸುಳ್ಳು ಹೇಳಬೇಕಾಗಿ ಬಂದಿದೆಯೆ? ಒಂದಕ್ಕೆ ಹೌದು ಎಂದರೂ ರೋಗಿಯನ್ನು ಕೂರಿಸಿ ವಿವರವಾಗಿ ಮಾತಾಡಿಸಬೇಕು. ಹೋಬಳಿ ಕೇಂದ್ರದ ಆಸ್ಪತ್ರೆಯಲ್ಲಿ ಬಿ.ಪಿ. ನೋಡುವ ನರ್ಸಮ್ಮನೂ ಇದನ್ನು ಕೇಳಬಹುದು. ಪಟ್ಟಿ ಬಿಚ್ಚುವಷ್ಟರಲ್ಲಿ ಮುಗಿಯುತ್ತದೆ.